ಗಡಿಯಾರ ತಿರುಗಿಸೋದು ನಿಲ್ಲಬೇಕು, ಸರಿ. ಆದರೆ ಯಾವ ಸಮಯಕ್ಕೆ?

ಪ್ರಶ್ನೆ: ನಾವು ಅಮೆರಿಕದ ಡೆಟ್ರಾಯಿಟ್ ಪಕ್ಕದ ಊರಿನಲ್ಲಿದ್ದೇವೆ. ಇಲ್ಲಿ ಬೇಸಿಗೆ ಸಮಯ (ಡೇಲೈಟ್ ಸೇವಿಂಗ್ ಟೈಮ್) ಅಂತ ಪ್ರತಿ ಮಾರ್ಚ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇಟ್ಟು, ನವೆಂಬರ್‌ನಲ್ಲಿ ಮತ್ತೆ ಹಿಂದೆ ಇಡುತ್ತಾರೆ. ಮುಂದೆ ಇಟ್ಟಾಗೆಲ್ಲ ಮನೆಯಲ್ಲಿ ಎರಡು ವಾರ ಗಲಾಟೆ. ಮಗ ಒಂಬತ್ತನೇ ಕ್ಲಾಸು, ಎಷ್ಟು ಎಬ್ಬಿಸಿದರೂ ಏಳುವುದಿಲ್ಲ. ಸ್ಕೂಲ್ ಬಸ್ಸು ಆರೂ ಮುಕ್ಕಾಲಿಗೇ ಬರುತ್ತದೆ. ಶಿವಮೊಗ್ಗದಿಂದ ಬಂದಿರುವ ಅತ್ತೆಗೆ ಬಿಪಿ ಮಾತ್ರೆಯ ಹೊತ್ತು ತಪ್ಪಿಹೋಗುತ್ತದೆ ಅನ್ನೋ ಚಿಂತೆ. ನಮ್ಮ ಯಜಮಾನರು ಮಾತ್ರ ‘ಬೇಸಿಗೆ ಸಮಯವನ್ನೇ ವರ್ಷಪೂರ್ತಿ ಇಟ್ಟುಬಿಡಲಿ, ಸಂಜೆ ಮಕ್ಕಳು ಆಡೋಕೆ ಬೆಳಕಾದರೂ ಇರುತ್ತೆ’ ಅನ್ನುತ್ತಾರೆ. ಈ ಪದ್ಧತಿ ಇರಬೇಕಾ, ಹೋಗಬೇಕಾ? ಹೋಗುವುದಾದರೆ ಯಾವ ಸಮಯ ಉಳಿದರೆ ಒಳ್ಳೆಯದು?

ಉತ್ತರ: ಹೋಗಬೇಕು. ಆದರೆ ನಿಮ್ಮ ಯಜಮಾನರು ಹೇಳುವ ಹಾಗೆ ಬೇಸಿಗೆ ಸಮಯ ಉಳಿಯಬಾರದು. ನವೆಂಬರ್‌ನಿಂದ ಮಾರ್ಚ್‌ವರೆಗೆ ನಿಮ್ಮಲ್ಲಿರುವ ಸ್ಟ್ಯಾಂಡರ್ಡ್ ಟೈಮ್ ಇದೆಯಲ್ಲ, ಅದೇ ವರ್ಷವಿಡೀ ಇರಬೇಕು. ನಿದ್ದೆಯ ತೊಂದರೆ ಇರುವವರನ್ನು ನೋಡುವ ವೈದ್ಯೆಯಾಗಿ ನನ್ನ ಖಚಿತ ಅಭಿಪ್ರಾಯ ಇದು. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ಕೂಡ 2020ರಲ್ಲಿ ಇದನ್ನೇ ಹೇಳಿತು, 2024ರಲ್ಲಿ ಮತ್ತೆ ಹೇಳಿತು.

ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸೋದು ಬೇಡ ಅನ್ನುವುದರಲ್ಲಿ ಹೆಚ್ಚು ಜಗಳವಿಲ್ಲ. 2018ರಲ್ಲಿ ಯುರೋಪಿಯನ್ ಒಕ್ಕೂಟ ಜನರ ಅಭಿಪ್ರಾಯ ಕೇಳಿತು. 46 ಲಕ್ಷ ಉತ್ತರ ಬಂದವು, 84 ಶೇಕಡಾ ಜನ ಬೇಡ ಎಂದರು. ಬಹುಪಾಲು ಉತ್ತರ ಜರ್ಮನಿಯೊಂದರಿಂದಲೇ ಬಂದಿತ್ತು ಅನ್ನೋದು ಬೇರೆ ಮಾತು. 2019ರಲ್ಲಿ ಯುರೋಪಿನ ಸಂಸತ್ತು 410 ಮತಗಳಿಂದ ಇದನ್ನು ನಿಲ್ಲಿಸಲು ಒಪ್ಪಿತು. ಆದರೆ ಯಾವ ಸಮಯಕ್ಕೆ ನಿಲ್ಲಿಸಬೇಕು ಅನ್ನುವಲ್ಲಿ ಸದಸ್ಯ ದೇಶಗಳು ಒಮ್ಮತಕ್ಕೆ ಬರಲಿಲ್ಲ, ಕೆಲಸ ಅಲ್ಲೇ ನಿಂತಿತು. ಅಮೆರಿಕದಲ್ಲೂ ಹೀಗೇ. 2022ರ ಮಾರ್ಚ್‌ನಲ್ಲಿ ಸೆನೆಟ್ ಬೇಸಿಗೆ ಸಮಯವನ್ನೇ ಕಾಯಂ ಮಾಡುವ ಮಸೂದೆಯನ್ನು ಯಾರ ವಿರೋಧವೂ ಇಲ್ಲದೆ ಪಾಸು ಮಾಡಿಬಿಟ್ಟಿತು. ಕೆಳಮನೆ ಅದನ್ನು ಚರ್ಚೆಗೇ ತೆಗೆದುಕೊಳ್ಳಲಿಲ್ಲ. ನನ್ನ ಪ್ರಕಾರ ತೆಗೆದುಕೊಳ್ಳದೇ ಇದ್ದದ್ದೇ ಒಳ್ಳೆಯದಾಯಿತು.

ಯಾಕೆ ಅನ್ನೋದಕ್ಕೆ ನಿಮ್ಮ ಊರಿನ ಲೆಕ್ಕವನ್ನೇ ನೋಡೋಣ. ನಿಮ್ಮ ಊರು ಸೇರಿರುವ ಈಸ್ಟರ್ನ್ (ಪೂರ್ವ) ಸಮಯ ವಲಯದ ಗಡಿಯಾರ ನಡೆಯುವುದು 75 ಡಿಗ್ರಿ ಪಶ್ಚಿಮ ರೇಖಾಂಶದ ಲೆಕ್ಕದಲ್ಲಿ. ಅದು ಫಿಲಡೆಲ್ಫಿಯಾ ಹತ್ತಿರ ಹಾದುಹೋಗುತ್ತದೆ. ಡೆಟ್ರಾಯಿಟ್ ಇರುವುದು 83 ಡಿಗ್ರಿಯಲ್ಲಿ. ಪಶ್ಚಿಮಕ್ಕೆ ಒಂದು ಡಿಗ್ರಿ ಹೋದರೆ ಸೂರ್ಯ ನಾಲ್ಕು ನಿಮಿಷ ತಡ. ಅಂದರೆ ಸ್ಟ್ಯಾಂಡರ್ಡ್ ಟೈಮಿನಲ್ಲೂ ನಿಮ್ಮ ಗಡಿಯಾರ ಸೂರ್ಯನಿಗಿಂತ ಅರ್ಧ ಗಂಟೆ ಮುಂದಿದೆ. ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂವರೆಗೆ. ಮಾರ್ಚ್‌ನಲ್ಲಿ ಇನ್ನೊಂದು ಗಂಟೆ ಸೇರಿಸಿದರೆ ಅದು ಒಂದೂವರೆ ಆಗುತ್ತದೆ. ಪೂರ್ವ ಕರಾವಳಿಯ ಬಾಸ್ಟನ್‌ನವರಿಗೆ ಈ ತೊಂದರೆ ಇಷ್ಟಿಲ್ಲ. ಒಂದೇ ವಲಯ, ಒಂದೇ ಗಡಿಯಾರ, ಆದರೆ ಅವರಿಗೆ ನಿಮಗಿಂತ ಸುಮಾರು 48 ನಿಮಿಷ ಮುಂಚೆ ಸೂರ್ಯ ನೆತ್ತಿಗೆ ಬರುತ್ತಾನೆ.

ಗಡಿಯಾರ ಮುಂದಿಡುವ ಮಾರ್ಚ್ ಎರಡನೇ ಭಾನುವಾರದ ಹಿಂದಿನ ಶುಕ್ರವಾರ ನಿಮ್ಮಲ್ಲಿ ಏಳು ಗಂಟೆಯ ಆಸುಪಾಸಿಗೆ ಸೂರ್ಯ ಹುಟ್ಟಿರುತ್ತಾನೆ. ಆರೂ ಮುಕ್ಕಾಲಿಗೆ ಬಸ್ ಸ್ಟಾಪಿನಲ್ಲಿ ನಿಂತ ಹುಡುಗನಿಗೆ ಆಗಲೇ ಬೆಳಕು ಹರಿದಿರುತ್ತದೆ, ಎದುರು ಬರುವ ಕಾರು ಕಾಣುತ್ತದೆ, ಕಾರಿನವರಿಗೆ ಅವನೂ ಕಾಣುತ್ತಾನೆ. ಸೋಮವಾರ ಅದೇ ಆರೂ ಮುಕ್ಕಾಲು ಮತ್ತೆ ಕಗ್ಗತ್ತಲು. ಸೂರ್ಯ ಹುಟ್ಟುವುದು ಎಂಟರ ಹತ್ತಿರ. ಆ ಹೊತ್ತಿಗೆ ನಿಮ್ಮ ಮಗ ಕ್ಲಾಸಿನಲ್ಲಿ ಕೂತಿರುತ್ತಾನೆ. ಅವನು ಏಳುವುದಿಲ್ಲ ಅನ್ನುವುದು ಸೋಮಾರಿತನ ಅಲ್ಲ. ದಯವಿಟ್ಟು ಅವನನ್ನು ಅದಕ್ಕಾಗಿ ಬೈಯಬೇಡಿ.

ನಮ್ಮ ಮಿದುಳಿನಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಒಂದು ಚಿಕ್ಕ ಜೀವಕೋಶದ ಗುಂಪಿದೆ. ದೇಹದ ಹೊತ್ತುಗೊತ್ತು ನೋಡಿಕೊಳ್ಳುವುದು ಅದರ ಕೆಲಸ. ಯಾವಾಗ ನಿದ್ದೆ ಬರಬೇಕು, ಬೆಳಗಿನ ಜಾವ ಮೈ ಬಿಸಿ ಯಾವಾಗ ಏರಬೇಕು, ಹಸಿವು ಯಾವಾಗ, ಎಲ್ಲಕ್ಕೂ ಸೂಚನೆ ಅಲ್ಲಿಂದ. ಬಹುಪಾಲು ಜನರಲ್ಲಿ ಇದರ ಒಂದು ಸುತ್ತು ಸರಿಯಾಗಿ 24 ಗಂಟೆ ಅಲ್ಲ, ಸರಾಸರಿ ಹತ್ತು ನಿಮಿಷದಷ್ಟು ಜಾಸ್ತಿ. ದಿನಾ ಹತ್ತು ನಿಮಿಷ ಹಿಂದೆ ಬೀಳುವ ಹಳೇ ಗೋಡೆ ಗಡಿಯಾರ ಇದ್ದ ಹಾಗೆ. ದಿನಾ ಬೆಳಿಗ್ಗೆ ಯಾರೋ ಅದರ ಮುಳ್ಳನ್ನು ಸರಿ ಮಾಡಬೇಕು. ಅದನ್ನು ಮಾಡುವುದು ಬೆಳಗಿನ ಬೆಳಕು. ಕಣ್ಣಿನ ಹಿಂಪರದೆಯಲ್ಲಿ ಇದಕ್ಕೆಂದೇ ಬೇರೆ ಜೀವಕೋಶಗಳಿವೆ. ಅವು ನೋಡುವ ಕೆಲಸಕ್ಕಿಂತ ಹೆಚ್ಚಾಗಿ ಬೆಳಕು ಎಷ್ಟಿದೆ ಅಂತ ಅಳೆಯುತ್ತವೆ. ಬೆಳಿಗ್ಗೆ ಬಿದ್ದ ಬೆಳಕು ದೇಹವನ್ನು ಮುಂಚೆ ಏಳುವ ಕಡೆಗೆ ತಳ್ಳುತ್ತದೆ. ಸಂಜೆ, ರಾತ್ರಿ ಬಿದ್ದ ಬೆಳಕು ಇದಕ್ಕೆ ಉಲ್ಟಾ, ತಡವಾಗಿ ಮಲಗುವ ಕಡೆಗೆ ಎಳೆಯುತ್ತದೆ.

ಈಗ ಬೇಸಿಗೆ ಸಮಯ ಏನು ಮಾಡುತ್ತದೆ ನೋಡಿ. ಬೆಳಗಿನ ಒಂದು ಗಂಟೆ ಬೆಳಕನ್ನು ಕಿತ್ತು ಸಂಜೆಗೆ ಕೊಡುತ್ತದೆ. ದೇಹಕ್ಕೆ ಬೇಕಾದ ಕಡೆ ಕಮ್ಮಿ, ಬೇಡದ ಕಡೆ ಜಾಸ್ತಿ. ಹದಿಹರೆಯದವರಿಗೆ ಇದು ಇನ್ನೂ ಕಷ್ಟ, ಯಾಕೆಂದರೆ ಆ ವಯಸ್ಸಿನಲ್ಲಿ ಒಳಗಿನ ಗಡಿಯಾರ ತಾನಾಗಿಯೇ ಒಂದೆರಡು ಗಂಟೆ ತಡವಾಗಿರುತ್ತದೆ. ಹನ್ನೊಂದಕ್ಕೆ ಮುಂಚೆ ನಿದ್ದೆ ಬಾ ಅಂದರೂ ಬರುವುದಿಲ್ಲ. ಬೆಳಿಗ್ಗೆ ಐದೂ ಮುಕ್ಕಾಲಿಗೆ ಎಬ್ಬಿಸಿದರೆ ಅವನ ದೇಹದ ಲೆಕ್ಕದಲ್ಲಿ ಅದು ನಡುರಾತ್ರಿಗೆ ಹತ್ತಿರ.

ಇದು ಬರೀ ಮಾರ್ಚ್‌ನ ಎರಡು ವಾರದ ಸಮಸ್ಯೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅಮೆರಿಕದ ಸಮಯ ವಲಯಗಳ ಗಡಿಯ ಎರಡೂ ಬದಿಯ ಜನರ ನಿದ್ದೆಯನ್ನು ಇಬ್ಬರು ಅರ್ಥಶಾಸ್ತ್ರಜ್ಞರು ಹೋಲಿಸಿ ನೋಡಿದರು. 2019ರಲ್ಲಿ ಅದು ಪ್ರಕಟವಾಯಿತು. ಸೂರ್ಯ ಒಂದು ಗಂಟೆ ತಡವಾಗಿ ಮುಳುಗುವ ಬದಿಯವರು ದಿನಕ್ಕೆ ಸರಾಸರಿ 19 ನಿಮಿಷ ಕಡಿಮೆ ನಿದ್ದೆ ಮಾಡುತ್ತಿದ್ದರು. ವರ್ಷಗಟ್ಟಲೆ ಅಲ್ಲೇ ಬದುಕಿದ ಜನ ಅವರು. ಅಂದರೆ ದೇಹ ‘ಒಗ್ಗಿಕೊಳ್ಳುತ್ತೆ ಬಿಡಿ’ ಅನ್ನುವ ಮಾತು ಪೂರ್ತಿ ನಿಜ ಅಲ್ಲ. ಸಂಜೆ ಬೆಳಕಿರುವವರೆಗೂ ನಾವು ಎದ್ದಿರುತ್ತೇವೆ. ಬೆಳಿಗ್ಗೆ ಬಸ್ಸು, ಆಫೀಸು ಮಾತ್ರ ಗಡಿಯಾರ ನೋಡಿಯೇ ಬರುತ್ತವೆ. ನಡುವೆ ಸೊರಗುವುದು ನಿದ್ದೆ.

ಕಾಯಂ ಬೇಸಿಗೆ ಸಮಯ ಬಂದರೆ ನಿಮ್ಮ ಜನವರಿ ಹೇಗಿರುತ್ತದೆ? ಜನವರಿ ಮೊದಲ ವಾರ ಡೆಟ್ರಾಯಿಟ್‌ನಲ್ಲಿ ಈಗ ಸೂರ್ಯ ಹುಟ್ಟುವುದು ಎಂಟು ಗಂಟೆಗೆ. ಅದು ಒಂಬತ್ತಕ್ಕೆ ಹೋಗುತ್ತದೆ. ಮಕ್ಕಳು ಬಸ್ಸು ಹತ್ತುವುದು, ಮೊದಲ ಪೀರಿಯಡ್, ಎರಡನೇ ಪೀರಿಯಡ್, ಎಲ್ಲ ಕತ್ತಲಲ್ಲೇ. ಹಿಮ ಬಿದ್ದ ರಸ್ತೆಯಲ್ಲಿ ನಿಮ್ಮ ಯಜಮಾನರು ಆಫೀಸಿಗೆ ಕಾರು ಓಡಿಸುವುದೂ ಕತ್ತಲಲ್ಲೇ.

ಅಮೆರಿಕ ಇದನ್ನು ಒಂದು ಸಲ ಮಾಡಿ ನೋಡಿದೆ. ಈ ಕಥೆಯನ್ನು ಈಗ ಯಾರೂ ನೆನಪಿಟ್ಟುಕೊಂಡಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1973ರ ಕೊನೆಯಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದ್ದವು. ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು. ಇಂಧನ ಉಳಿಸಬೇಕು ಅಂತ ಅಧ್ಯಕ್ಷ ನಿಕ್ಸನ್ ಡಿಸೆಂಬರ್‌ನಲ್ಲಿ ಕಾನೂನಿಗೆ ಸಹಿ ಹಾಕಿದರು. 1974ರ ಜನವರಿ 6ರಿಂದ ದೇಶಕ್ಕೆಲ್ಲ ಬೇಸಿಗೆ ಸಮಯ, ಅದೂ ಚಳಿಗಾಲದ ನಟ್ಟನಡುವೆ. 1975ರ ಏಪ್ರಿಲ್‌ವರೆಗೆ ನಡೆಸುವ ಯೋಜನೆ. ಶುರುವಾಗುವ ಮುಂಚೆ 79 ಶೇಕಡಾ ಜನ ಇದಕ್ಕೆ ಒಪ್ಪಿದ್ದರು. ಫೆಬ್ರವರಿ ಹೊತ್ತಿಗೆ ಆ ಬೆಂಬಲ 42 ಶೇಕಡಾಕ್ಕೆ ಇಳಿದಿತ್ತು. ತಾಯಂದಿರು ಮಕ್ಕಳ ಕೈಗೆ ಟಾರ್ಚ್ ಕೊಟ್ಟು ಶಾಲೆಗೆ ಕಳಿಸುತ್ತಿದ್ದರು. ಫ್ಲೋರಿಡಾದಲ್ಲಿ ಬೆಳಗಿನ ಕತ್ತಲಲ್ಲಿ ಶಾಲೆಗೆ ಹೊರಟ ಮಕ್ಕಳು ವಾಹನಗಳಿಗೆ ಸಿಕ್ಕಿ ಸತ್ತರು. ಅಲ್ಲಿನ ಗವರ್ನರೇ ಈ ಕಾನೂನು ವಾಪಸ್ ತೆಗೆಯಿರಿ ಎಂದರು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಇನ್ನೊಂದು ಚಳಿಗಾಲ ಬರುವ ಮುಂಚೆಯೇ, ದೇಶ ಮತ್ತೆ ಸ್ಟ್ಯಾಂಡರ್ಡ್ ಟೈಮಿಗೆ ಮರಳಿತು.

ಬ್ರಿಟನ್ನಿನದೂ ಇದೇ ಅನುಭವ. 1968ರಿಂದ 1971ರವರೆಗೆ ಅವರು ಗಡಿಯಾರವನ್ನು ವರ್ಷಪೂರ್ತಿ ಒಂದು ಗಂಟೆ ಮುಂದೆ ಇಟ್ಟು ನೋಡಿದರು. ಸ್ಕಾಟ್ಲೆಂಡಿನ ಉತ್ತರದವರಿಗೆ ಚಳಿಗಾಲದಲ್ಲಿ ಹತ್ತರ ಹತ್ತಿರ ಬೆಳಗಾಗುತ್ತಿತ್ತು. ಸಂಸತ್ತು 366-81 ಮತಗಳಿಂದ ಅದನ್ನು ಕೈಬಿಟ್ಟಿತು. ರಷ್ಯಾ 2011ರಲ್ಲಿ ಬೇಸಿಗೆ ಸಮಯವನ್ನು ಕಾಯಂ ಮಾಡಿತು. ಮಾಸ್ಕೋದಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುತ್ತಿದ್ದದ್ದು ಹತ್ತು ಗಂಟೆಗೆ. 2014ರ ಅಕ್ಟೋಬರ್‌ನಲ್ಲಿ ಗಡಿಯಾರ ಹಿಂದಕ್ಕಿಟ್ಟು ಚಳಿಗಾಲದ ಸಮಯಕ್ಕೆ ಕಾಯಂ ಆದರು. ಈ ಮೂರು ದೇಶದವರೂ ಕಾಯಂ ಬೇಸಿಗೆ ಸಮಯವನ್ನು ಅನುಭವಿಸಿಯೇ ಬಿಟ್ಟುಕೊಟ್ಟರು. ನನಗೆ ಯಾವ ಪ್ರಯೋಗಶಾಲೆಯ ಫಲಿತಾಂಶಕ್ಕಿಂತಲೂ ಇದು ಹೆಚ್ಚು ಬಲವಾದ ಸಾಕ್ಷಿ ಅನ್ನಿಸುತ್ತದೆ.

ಈಗ ಮಾರ್ಚ್‌ನ ಆ ಸೋಮವಾರದ ಬಗ್ಗೆ. ಹೃದಯಾಘಾತ ಹೆಚ್ಚುತ್ತದೆ ಅನ್ನುವ ಸುದ್ದಿ ಪ್ರತಿ ವರ್ಷ ವಾಟ್ಸಾಪಿನಲ್ಲಿ ಬರುತ್ತದೆ, ನಿಮ್ಮ ಅತ್ತೆಯವರಿಗೂ ಬಂದಿರಬಹುದು. ಅದರ ಒಂದು ಮೂಲ ನಿಮ್ಮ ರಾಜ್ಯದ್ದೇ. ಮಿಶಿಗನ್ ಆಸ್ಪತ್ರೆಗಳ ಲೆಕ್ಕ ನೋಡಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಡಿಯಾರ ಮುಂದಿಟ್ಟ ಮರುದಿನದ ಸೋಮವಾರ ಹೃದಯಾಘಾತದ ಪ್ರಕರಣಗಳು 24 ಶೇಕಡಾ ಹೆಚ್ಚಿದ್ದವು. ವಾಟ್ಸಾಪ್ ಅಷ್ಟಕ್ಕೇ ನಿಲ್ಲಿಸುತ್ತದೆ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿದೆ: ಇಡೀ ವಾರದ ಒಟ್ಟು ಲೆಕ್ಕ ತೆಗೆದರೆ ಹೆಚ್ಚಳ ಇಲ್ಲ. ಅಂದರೆ ಆ ವಾರ ಹೇಗೂ ಆಗಬಹುದಾಗಿದ್ದದ್ದು ಒಂದೆರಡು ದಿನ ಮುಂಚೆ ಆಗಿರಬಹುದು. ಸ್ವೀಡನ್ನಿನ 2008ರ ಅಧ್ಯಯನ ಮೊದಲ ವಾರದಲ್ಲಿ 5 ಶೇಕಡಾ ಏರಿಕೆ ಕಂಡಿತ್ತು. 2025ರಲ್ಲಿ ಅಮೆರಿಕದಲ್ಲಿ ಬಂದ ದೊಡ್ಡ ಅಧ್ಯಯನಕ್ಕೆ ಅಂಥ ಏರಿಕೆ ಕಾಣಲೇ ಇಲ್ಲ. ಆದ್ದರಿಂದ ಅತ್ತೆಯವರು ಹೆದರಿ ಕೂರಬೇಕಾಗಿಲ್ಲ. ನನಗೆ ಹೆಚ್ಚು ಚಿಂತೆ ಇರುವುದು ರಸ್ತೆಯದು. ಎರಡು ದಶಕದ ಅಪಘಾತದ ದಾಖಲೆ ನೋಡಿದ 2020ರ ಅಧ್ಯಯನದಲ್ಲಿ, ಗಡಿಯಾರ ಮುಂದಿಟ್ಟ ವಾರ ಸಾವಿಗೆ ಕಾರಣವಾದ ಅಪಘಾತಗಳು 6 ಶೇಕಡಾ ಹೆಚ್ಚಿದ್ದವು. ವಲಯದ ಪಶ್ಚಿಮ ಅಂಚಿನಲ್ಲಿ ಇನ್ನೂ ಜಾಸ್ತಿ. ನಿಮ್ಮ ಊರು ಇರುವುದು ಅಂಥ ಕಡೆಯೇ.

ಕರೆಂಟ್ ಉಳಿಯುತ್ತದೆ ಅನ್ನುವ ವಾದದ ಬಗ್ಗೆ ಎರಡೇ ಮಾತು. 1916ರಲ್ಲಿ ಜರ್ಮನಿ ಯುದ್ಧಕಾಲದಲ್ಲಿ ಇದನ್ನು ಶುರು ಮಾಡಿದಾಗ ಸಂಜೆಯ ದೀಪದ ಖರ್ಚು ದೊಡ್ಡದಿತ್ತು. ಈಗ ದೀಪಕ್ಕಿಂತ ಏಸಿ, ಹೀಟರಿನದೇ ದೊಡ್ಡ ಬಿಲ್ಲು. ಇಂಡಿಯಾನಾ ರಾಜ್ಯವೆಲ್ಲ 2006ರಲ್ಲಿ ಬೇಸಿಗೆ ಸಮಯಕ್ಕೆ ಬಂದಾಗ ಮನೆಗಳ ಕರೆಂಟ್ ಬಳಕೆ ಸುಮಾರು ಒಂದು ಶೇಕಡಾ ಏರಿತು, ಇಳಿಯಲಿಲ್ಲ.

ನಿಮ್ಮ ಯಜಮಾನರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಚಳಿಗಾಲವೆಲ್ಲ ಮನೆಯೊಳಗೇ ಕೂತ ಮೇಲೆ ಜೂನ್‌ನ ಸಂಜೆ ಒಂಬತ್ತರವರೆಗೂ ಬೆಳಕಿರುವುದು ದೊಡ್ಡ ಸಂತೋಷವೇ. ಮಕ್ಕಳು ಹೊರಗೆ ಆಡುತ್ತಾರೆ, ಪಾರ್ಕಿನಲ್ಲಿ ಕ್ರಿಕೆಟ್ ನಡೆಯುತ್ತದೆ. ಸ್ಟ್ಯಾಂಡರ್ಡ್ ಟೈಮ್ ಕಾಯಂ ಆದರೆ ಇದರಲ್ಲಿ ಒಂದು ಗಂಟೆ ಹೋಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಆಗಲೂ ನಿಮ್ಮಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು ಎಂಟೂಕಾಲಿಗೆ, ಅದರ ಮೇಲೆ ಅರ್ಧ ಗಂಟೆ ಸಂಜೆಬೆಳಕು. ರಾತ್ರಿ ಊಟಕ್ಕೆ ಮುಂಚೆ ಒಂದು ಆಟಕ್ಕೆ ಸಾಕಾಗುತ್ತದೆ ಅಲ್ವಾ? ಡೆಟ್ರಾಯಿಟ್ ವಲಯದ ಅಂಚಿನಲ್ಲಿ ಇರುವುದರ ಒಂದು ಲಾಭ ಇದು. ಬಾಸ್ಟನ್‌ನವರಿಗೆ ಸೂರ್ಯ ಏಳೂವರೆಗೇ ಮುಳುಗಿ, ಬೆಳಿಗ್ಗೆ ನಾಲ್ಕಕ್ಕೇ ಬೆಳಕು ಹರಿಯುತ್ತದೆ. ಅವರು ದೂರಿದರೆ ಅದಕ್ಕೆ ಅರ್ಥ ಇದೆ.

ಸ್ಟ್ಯಾಂಡರ್ಡ್ ಟೈಮ್ ಕಾಯಂ ಆಗುವುದೇ ಇಲ್ಲ ಅಂತಾದರೆ? ಆಗ ಬೇಸಿಗೆ ಸಮಯವನ್ನು ಕಾಯಂ ಮಾಡುವುದಕ್ಕಿಂತ ಈಗಿನ ಹಾಗೇ ವರ್ಷಕ್ಕೆ ಎರಡು ಸಲ ತಿರುಗಿಸುತ್ತಿರುವುದೇ ವಾಸಿ ಅಂತ ನಾನು ಹೇಳುತ್ತೇನೆ. ತಜ್ಞರೆಲ್ಲ ಇದನ್ನು ಒಪ್ಪುವುದಿಲ್ಲ. 2025ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿದಾಗ ಕಾಯಂ ಸ್ಟ್ಯಾಂಡರ್ಡ್ ಟೈಮ್ ಎಲ್ಲಕ್ಕಿಂತ ಒಳ್ಳೆಯದಾಗಿ ಕಂಡಿತು, ಎರಡನೇ ಜಾಗದಲ್ಲಿ ಕಾಯಂ ಬೇಸಿಗೆ ಸಮಯ ಇತ್ತು, ತಿರುಗಿಸುವ ಪದ್ಧತಿ ಕೊನೆಗೆ. ಆ ಲೆಕ್ಕವನ್ನು ನಾನು ಗೌರವಿಸುತ್ತೇನೆ. ಆದರೆ ಜನವರಿಯಲ್ಲಿ ಒಂಬತ್ತಕ್ಕೆ ಬೆಳಗಾಗುವ ಊರಿನ ಶಾಲಾ ಮಕ್ಕಳನ್ನು ನೆನೆದರೆ ಎರಡು ಕೆಟ್ಟ ವಾರಗಳನ್ನೇ ಆರಿಸಿಕೊಳ್ಳುತ್ತೇನೆ, ನಾಲ್ಕು ಕೆಟ್ಟ ತಿಂಗಳನ್ನಲ್ಲ.

ಅತ್ತೆಯವರು ‘ನಮ್ಮಲ್ಲಿ ಇದ್ಯಾವ ತಾಪತ್ರಯವೂ ಇಲ್ಲ’ ಅಂತ ಹೇಳಿರಬೇಕು. ಅವರು ಹೇಳುವುದು ಸರಿ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ನಿಮ್ಮಲ್ಲಿ ಆರು ಗಂಟೆಗೂ ಜಾಸ್ತಿ. ಅಷ್ಟು ಕಡಿಮೆ ಏರುಪೇರಿಗೆ ಗಡಿಯಾರ ತಿರುಗಿಸಿ ಏನೂ ಸಿಗುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಭಾರತದಲ್ಲೂ ಗಡಿಯಾರ ಒಂದು ಗಂಟೆ ಮುಂದಿತ್ತು. ಆಮೇಲೆ ಅದನ್ನು ಯಾರೂ ಬಯಸಲಿಲ್ಲ. ಇನ್ನೊಂದು ಮಾತು, ಅತ್ತೆಯವರು ರಾಹುಕಾಲ ನೋಡುವವರಾದರೆ ‘ಸೋಮವಾರ ಏಳೂವರೆಯಿಂದ ಒಂಬತ್ತು’ ಅನ್ನುವ ಊರಿನ ಪಟ್ಟಿ ನಿಮ್ಮಲ್ಲಿ ನಡೆಯುವುದಿಲ್ಲ. ಅದು ಆರಕ್ಕೆ ಸೂರ್ಯ ಹುಟ್ಟಿ ಆರಕ್ಕೆ ಮುಳುಗುವ ಲೆಕ್ಕ. ನಿಮ್ಮ ಊರಿನ ಆ ದಿನದ ಸೂರ್ಯೋದಯ, ಸೂರ್ಯಾಸ್ತ ಹಾಕಿಯೇ ಲೆಕ್ಕ ತೆಗೆಯಬೇಕು.

ಮಾತ್ರೆಯ ವಿಷಯ ಸುಲಭ. ದಿನಕ್ಕೊಂದು ತೆಗೆದುಕೊಳ್ಳುವ ಬಿಪಿ ಮಾತ್ರೆ ಒಂದು ಗಂಟೆ ಆಚೀಚೆ ಆದರೆ ಏನೂ ಆಗುವುದಿಲ್ಲ. ಹೊಸ ಗಡಿಯಾರದ ಪ್ರಕಾರ ಬೆಳಗಿನ ತಿಂಡಿಯ ಜೊತೆಗೋ ರಾತ್ರಿ ಊಟದ ಮೇಲೋ, ಎಂದಿನಂತೆ ತೆಗೆದುಕೊಳ್ಳಲಿ. ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಮಾತ್ರ ಅವರ ಡಾಕ್ಟರನ್ನು ಒಂದು ಮಾತು ಕೇಳಿ.

ಮಗನಿಗೆ ಹೀಗೆ ಮಾಡಿ. ಮಾರ್ಚ್ ಎರಡನೇ ಭಾನುವಾರಕ್ಕೆ ನಾಲ್ಕು ದಿನ ಮುಂಚೆ, ಬುಧವಾರದಿಂದಲೇ, ದಿನಾ ಹದಿನೈದು ನಿಮಿಷ ಮುಂಚೆ ಎಬ್ಬಿಸಿ. ಮುಂಚೆ ಮಲಗಿಸುವುದಕ್ಕಿಂತ ಮುಂಚೆ ಎಬ್ಬಿಸುವುದು ಸುಲಭ, ನಿದ್ದೆ ಹಿಂದೆಯೇ ಬರುತ್ತದೆ. ಎದ್ದ ತಕ್ಷಣ ಅಡುಗೆಮನೆಯ ದೀಪವನ್ನೆಲ್ಲ ಹಾಕಿ. ಶನಿವಾರ, ಭಾನುವಾರ ಹಗಲಾದ ಕೂಡಲೇ ಅರ್ಧ ಗಂಟೆ ಹೊರಗೆ ನಡೆಸಿ. ಮೋಡ ಕವಿದಿದ್ದರೂ ಪರವಾಗಿಲ್ಲ, ಮೋಡದ ದಿನದ ಹೊರಗಿನ ಬೆಳಕು ಮನೆಯ ದೀಪಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ರಾತ್ರಿ ಒಂಬತ್ತರ ಮೇಲೆ ದೀಪ ಮಂಕು ಮಾಡಿ, ಫೋನನ್ನು ಅವನ ರೂಮಿನಿಂದ ಆಚೆ ಇಡಿ. ಆ ಭಾನುವಾರ ಹನ್ನೊಂದರವರೆಗೆ ಮಲಗಲು ಬಿಟ್ಟರೆ ನಾಲ್ಕು ದಿನದ ಕೆಲಸ ಹಾಳು. ನಿದ್ದೆಗೆಂದು ಮಾರುವ ಮೆಲಟೋನಿನ್ ಮಾತ್ರೆಯನ್ನು ಸುಮ್ನೆ ಅಂಗಡಿಯಿಂದ ತಂದು ಕೊಡಬೇಡಿ, ಮಕ್ಕಳ ಡಾಕ್ಟರನ್ನು ಕೇಳಿಯೇ ಕೊಡಿ. ಆ ಸೋಮವಾರ, ಮಂಗಳವಾರ ನೀವು ಕಾರು ಓಡಿಸುವುದಾದರೆ ಹತ್ತು ನಿಮಿಷ ಮುಂಚೆ ಹೊರಡಿ.

ಇಷ್ಟೆಲ್ಲ ಮಾಡಿದರೂ ಬಸ್ಸು ಆರೂ ಮುಕ್ಕಾಲಿಗೆ ಬರುವವರೆಗೆ ಅವನ ನಿದ್ದೆ ಪೂರ್ತಿ ಆಗುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ, ಹದಿಹರೆಯದವರ ಶಾಲೆ ಎಂಟೂವರೆಗಿಂತ ಮುಂಚೆ ಶುರುವಾಗಬಾರದು ಎಂದಿದೆ. ಕ್ಯಾಲಿಫೋರ್ನಿಯಾ ಅದನ್ನು 2022ರಿಂದ ಕಾನೂನು ಮಾಡಿದೆ. ನಿಮ್ಮ ಶಾಲಾ ಮಂಡಳಿಯ ಸಭೆಯಲ್ಲಿ ನಾಲ್ಕು ಮನೆಯವರು ಸೇರಿ ಈ ಮಾತು ಎತ್ತಿ. ಗಡಿಯಾರದ ಕಾನೂನಿಗಿಂತ ಇದು ಬೇಗ ಕೈಗೆ ಸಿಗಬಹುದು.

ಗಡಿಯಾರದ ಕಾನೂನಿಗೂ ದಾರಿ ಇದೆ, ಅದು ನಿಮ್ಮ ರಾಜ್ಯದ ರಾಜಧಾನಿ ಲ್ಯಾನ್ಸಿಂಗ್‌ನಲ್ಲೇ ಇದೆ. 1966ರ ಕೇಂದ್ರ ಕಾನೂನಿನ ಪ್ರಕಾರ ಯಾವ ರಾಜ್ಯ ಬೇಕಾದರೂ ವರ್ಷಪೂರ್ತಿ ಸ್ಟ್ಯಾಂಡರ್ಡ್ ಟೈಮ್ ಇಟ್ಟುಕೊಳ್ಳಬಹುದು, ವಾಷಿಂಗ್ಟನ್‌ನ ಒಪ್ಪಿಗೆ ಬೇಕಿಲ್ಲ. ಹವಾಯಿ, ಅರಿಜೋನಾ ಹಾಗೇ ಇವೆ. ಕಾಯಂ ಬೇಸಿಗೆ ಸಮಯ ಬೇಕೆಂದರೆ ಮಾತ್ರ ಕಾಂಗ್ರೆಸ್ ಕಾನೂನು ಬದಲಿಸಬೇಕು. ನಿಮ್ಮ ಮಿಶಿಗನ್ ಕೂಡ 1969ರಿಂದ 1972ರವರೆಗೆ ಗಡಿಯಾರ ತಿರುಗಿಸದೆ ಇತ್ತು. 1972ರಲ್ಲಿ ಜನ ಮತ ಹಾಕಿ ಮತ್ತೆ ಶುರು ಮಾಡಿದರು. ಹಾಗೆ ಮತ ಹಾಕಿ ತಂದದ್ದನ್ನು ಮತ ಹಾಕಿಯೇ ತೆಗೆಯಬಹುದು. ನಿಮ್ಮ ರಾಜ್ಯ ಪ್ರತಿನಿಧಿಗೆ ಪತ್ರ ಬರೆಯುವಾಗ ‘ಗಡಿಯಾರ ತಿರುಗಿಸುವುದು ನಿಲ್ಲಿಸಿ’ ಅಂತಷ್ಟೇ ಬರೆಯಬೇಡಿ. ‘ಸ್ಟ್ಯಾಂಡರ್ಡ್ ಟೈಮಿಗೆ ನಿಲ್ಲಿಸಿ’ ಅಂತ ಸ್ಪಷ್ಟವಾಗಿ ಬರೆಯಿರಿ, ನಿಮ್ಮ ಬಸ್ ಸ್ಟಾಪಿನ ಜನವರಿ ತಿಂಗಳ ಸೂರ್ಯೋದಯದ ಸಮಯವನ್ನೂ ಜೊತೆಗೆ ಹಾಕಿ.